ಹಾರದೆ ಉಳಿದ ಗುಂಡು

"ಒಟ್ಟು ಎಷ್ಟು ಸಲ ಹಾರಲಿಲ್ಲ?" ಎಂದು ಕೇಳಿ ಸಾತಲಿಂಗಪ್ಪ ಸಾವಕಾರರು ಟಾಕನ್ನು ಮಸಿಯ ದೌತಿಯಲ್ಲಿ ಅದ್ದಿದರು.

"ಐದು," ಎಂದ ಅಮೃತಪ್ಪ.

"ಕಾಗದದಾಗ ನಾಕು ಅಂತ ಬರದೀರಲ್ರಿ ಪಾಟೀಲ್ರ?"

"ಕಾಗದ ಹಾಕಿದ ಮ್ಯಾಲ ಮತ್ತೊಂದು ಸಲ ಆತು."

ಸಾವಕಾರರ ಅಂಗಡಿ ಸೊಲ್ಲಾಪುರದ ನವಿ ಪೇಟೆಯಲ್ಲಿತ್ತು. ಮುಂಭಾಗದಲ್ಲಿ ಕೀಲಿ, ಕಂದೀಲು, ಕಬ್ಬಿಣದ ಪೆಟ್ಟಿಗೆಗಳು. ಒಳಕೋಣೆಯಲ್ಲಿ, ಸರಳು ಹಾಕಿದ ಕಪಾಟಿನೊಳಗೆ ಬಂದೂಕುಗಳು. ಊರಿಗೆ ಮಾರ್ಶಲ್ ಲಾ, ಸೈನ್ಯದವರ ಆಡಳಿತ, ಬಂದು ಹೋಗಿ ನಾಲ್ಕು ವರ್ಷವಾಗಿದ್ದರೂ ಸಾವಕಾರರು ಒಳಕೋಣೆಯ ವ್ಯಾಪಾರವನ್ನು ಈಗಲೂ ಬಾಗಿಲು ಮುಚ್ಚಿಕೊಂಡೇ ನಡೆಸುತ್ತಿದ್ದರು. ಮೇಜಿನ ಮೇಲೆ, ಹಳದಿ ಅರಿವೆಯ ತುಂಡಿನಲ್ಲಿ, ಅಮೃತಪ್ಪ ಎರಡು ತಿಂಗಳ ಹಿಂದೆ ಅವರಲ್ಲೇ ಕೊಂಡ ರಿವಾಲ್ವರ್ ಇತ್ತು. ಅದರ ಮೇಲಿನ ನೀಲಿ ಹೊಳಪು ಇನ್ನೂ ಮಾಸಿರಲಿಲ್ಲ.

ಅಮೃತಪ್ಪನ ಪಕ್ಕದ ಬಾಕಿನ ಮೇಲೆ ಅವನ ತಮ್ಮ ಬಂಡೆಪ್ಪ ಕುಳಿತಿದ್ದ. ತಮ್ಮ ಊರು ಕುರನೂರಿನಿಂದ ಅಕ್ಕಲಕೋಟೆಗೆ ಚಕ್ಕಡಿಯಲ್ಲಿ, ಅಲ್ಲಿಂದ ಟಾಂಗಾದಲ್ಲಿ, ಸ್ಟೇಶನ್ನಿನಿಂದ ರೈಲಿನಲ್ಲಿ ಬರುವಷ್ಟು ಹೊತ್ತೂ ಅಣ್ಣತಮ್ಮಂದಿರು ಮಾತಾಡಿರಲಿಲ್ಲ.

"ಏನೂ ತಿಳ್ಕೊಬ್ಯಾಡ್ರಿ," ಸಾವಕಾರರು ಅಂದರು. "ಮುಂಬಯಿ ಏಜಂಟರು ಸುಮ್ನ ವಾಪಸ್ ತಗೊಳ್ಳೂದಿಲ್ಲ. ಯಾವ ದಿನ, ಎಷ್ಟು ದೂರದಿಂದ, ಯಾತಕ್ಕ ಹೊಡದ್ರಿ, ಎಲ್ಲಾ ಬೇಕಂತಾರ. ಮೊದಲಿನ ನಾಕೂ ಬರಕೊಂಡೀನಿ. ಹೊಳಿ ದಂಡಿ, ಮಣ್ಣಿನ ಗಡಗಿ ಇಟ್ಟು ಹೊಡದದ್ದು. ಹನ್ನೆರಡರಾಗ ನಾಕು ಹಾರಲಿಲ್ಲ. ಈಗ ಐದನೇದು. ಯಾವಾಗ?"

ಅಮೃತಪ್ಪ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಬಂಡೆಪ್ಪನೇ ಹೇಳಿದ:

"ಅಮಾಸಿ ಮರುದಿನ. ಮುಂಜಾನಿ."

"ಎಷ್ಟು ದೂರ?"

"ಹತ್ತು ಹೆಜ್ಜಿ ಇರಬೇಕು."

"ಯಾತಕ್ಕ ಹೊಡದ್ರಿ?"

"ನಾಯಿ," ಎಂದ ಅಮೃತಪ್ಪ.

ಸಾವಕಾರರು 'ನಾಯಿ' ಎಂದು ಬರೆದುಕೊಂಡರು. ಬಂಡೆಪ್ಪ ಗೋಡೆಗೆ ತೂಗುಹಾಕಿದ ಕೀಲಿಗಳ ಕಡೆ ನೋಡುತ್ತ ಕುಳಿತ.

ಅಮಾವಾಸ್ಯೆಯ ಮರುದಿನ ನಡೆದದ್ದು ಬೇರೆ. ಅವರ ತಂಗಿ ಉಮಾಬಾಯಿಗೆ ಇಪ್ಪತ್ತಾರು ವರ್ಷ. ಗಂಡ ತೀರಿಕೊಂಡು ಆರು ವರ್ಷದಿಂದ ತವರಿನಲ್ಲಿದ್ದಳು. ಅಕ್ಕಲಕೋಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಕಾಮಣ್ಣ ಎಂಬವನು, ಹೆಂಡತಿ ಸತ್ತವನು, ಅವಳನ್ನು ಉಡಿಕೆ ಮಾಡಿಕೊಳ್ಳುತ್ತೇನೆಂದು ಬಂಡೆಪ್ಪನ ಹತ್ತಿರ ಕೇಳಿದ್ದ. ಊರಲ್ಲಿ ವಿಧವೆಯರು ಹೀಗೆ ಉಡಿಕೆಯಾಗಿ ಮರುಮದುವೆ ಆಗುವುದು ಹೊಸದೇನಲ್ಲ. ಆದರೆ ಪಾಟೀಲರ ಮನೆಯಲ್ಲಿ ಯಾವ ತಲೆಮಾರಿನಲ್ಲೂ ಆಗಿರಲಿಲ್ಲ. ಬಂಡೆಪ್ಪ ತಂಗಿಯನ್ನೊಂದು ಮಾತು ಕೇಳಿದ, ಅಣ್ಣನನ್ನು ಕೇಳಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಅಕ್ಕಲಕೋಟೆಗೆ ಹೋಗಿ ಎಲೆ ಅಡಿಕೆ ಹಿಡಿದು ಮಾತು ಕೊಟ್ಟು ಬಂದ. ಸುದ್ದಿ ಅಮೃತಪ್ಪನಿಗೆ ಮುಟ್ಟಿದ್ದು ಪರರ ಬಾಯಿಂದ, ಅದೂ ಕಟ್ಟೆಯ ಮೇಲೆ, ನಾಲ್ಕು ಮಂದಿಯ ಎದುರು.

ಅವನು ನೆಟ್ಟಗೆ ಮನೆಗೆ ಬಂದು, ಪೆಟ್ಟಿಗೆ ತೆಗೆದು, ಹಿತ್ತಲಿಗೆ ಹೋದ. ಬಂಡೆಪ್ಪ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಅಮೃತಪ್ಪ ಕೈ ಎತ್ತಿದ, ಬೆರಳು ಎಳೆದ. ಕೊಟಕ್ ಎಂದು ಒಂದು ಸಣ್ಣ ಸಪ್ಪಳವಾಯಿತು, ಅಷ್ಟೇ. ಎತ್ತುಗಳು ತಲೆ ಎತ್ತಲೂ ಇಲ್ಲ. ಅಮೃತಪ್ಪನ ಕೈಯಿಂದ ರಿವಾಲ್ವರ್ ಸೆಗಣಿಯ ಮೇಲೆ ಬಿತ್ತು.

ಮೊದಲು ಓಡಿ ಬಂದವಳು ಉಮಾಬಾಯಿ. "ಹ್ಞೂಂ ಅಂದಾಕಿ ನಾನು," ಎಂದು ಚೀರಿದಳು. "ಹೊಡ್ಯೂದಿದ್ರ ನನಗ ಹೊಡಿ. ಅವನ್ಯಾಕ?"

ಆಗ ಅಮೃತಪ್ಪ ಹೇಳಿದ ಮಾತನ್ನು ಮನೆಯವರೆಲ್ಲ ಹಿಡಿದುಕೊಂಡರು. "ಅದು ಕೆಟ್ಟ ಮಾಲು. ಹಾರೂದಿಲ್ಲ ಅಂತ ಗೊತ್ತಿದ್ದೇ ಹಿಡದೀನಿ. ಅಂಜಸಾಕ."

ಅವನ ಹೆಂಡತಿ ನೀಲಾಬಾಯಿ ಅದೇ ಮಾತನ್ನು ನೆರೆಯವರಿಗೆ ಹೇಳಿದಳು, ಅತ್ತೆಗೆ ಹೇಳಿದಳು, ಎರಡು ಸಲ ಬಂಡೆಪ್ಪನಿಗೂ ಹೇಳಿದಳು. ಬಂಡೆಪ್ಪ ಹೂಂಗುಟ್ಟಿದ. ಸೆಗಣಿಯಿಂದ ರಿವಾಲ್ವರ್ ಎತ್ತಿ, ಗುಂಡುಗಳನ್ನೆಲ್ಲ ಹೊರಗೆ ಸುರಿದು, ಬರಿಯ ರಿವಾಲ್ವರನ್ನು ಒರೆಸಿ ಅಣ್ಣನ ಹಾಸಿಗೆಯ ತಲೆದೆಸೆಗೆ ಇಟ್ಟಿದ್ದವನು ಅವನೇ. ಮೂರನೆಯ ದಿನ ಸಾವಕಾರರ ಕಾರ್ಡು ಬಂತು: ಮಾಲು ತೆಗೆದುಕೊಂಡು ಗುರುವಾರ ಬರಬೇಕು. ಅದನ್ನು ಓದಿ ಹೇಳಿದ ಬಂಡೆಪ್ಪ, "ನಾನೂ ಬರ್ತೀನಿ," ಎಂದಿದ್ದ.

ಸಾವಕಾರರು ಕನ್ನಡಕ ಏರಿಸಿಕೊಂಡು ರಿವಾಲ್ವರಿನ ಹೊಟ್ಟೆ ತೆರೆದರು. ಗುಂಡಿನ ಉರುಳೆಯನ್ನು ತಿರುಗಿಸಿ ಕಿವಿ ಹತ್ತಿರ ಹಿಡಿದರು. ಗುಂಡಿಗೆ ಬಡಿಯುವ ಹಿಂದಿನ ಸುತ್ತಿಗೆಯನ್ನು ಎಳೆದು ಬಿಟ್ಟು, ಮತ್ತೆ ಎಳೆದು ಬಿಟ್ಟು ನೋಡಿದರು.

"ಸ್ಪ್ರಿಂಗ್ ಸಡಲ ಅದ. ಹೊಡ್ಯೂ ಮೊಳಿನೂ ಸಣ್ಣದು. ಬಡಿತದ ಖರೆ, ಆದ್ರ ಆಳ ಹೋಗೂದಿಲ್ಲ. ಪುಣ್ಯಾ ಇದ್ರ ಹಾರತದ, ಇಲ್ಲಂದ್ರ ಇಲ್ಲ." ಅವರು ತಲೆ ಅಲ್ಲಾಡಿಸಿದರು. "ಈ ಸಲದ ಪೆಟ್ಟಿಗ್ಯಾಗ ಬಂದ ಐದರಾಗ ಮೂರು ಹಿಂಗ. ಕಾರಖಾನಿಯಾಗ ಯಾರರ ಒಬ್ಬವ ಒಮ್ಮಿ ಹೊಡದು ನೋಡಿದ್ರ ತಿಳೀತಿತ್ತು. ಮ್ಯಾಲ ಛಾಪ ಮಾತ್ರ ಛಂದ ಹೊಡದಾರ, ತಪಾಸ ಆಗೇದ ಅಂತ."

ಆಮೇಲೆ ಏನೋ ನೆನಪಾದಂತೆ ಕೇಳಿದರು: "ಕಾಡತೂಸಿಂದೂ ತಪ್ಪಿರಬಹುದು ಅಂತಾರ ಮುಂಬಯಿಯವರು. ಹಾರಲಾರದ ಗುಂಡು ಒಂದರ ಇಟ್ಟೀರೇನು?"

"ಹೊಳ್ಯಾಗ ಒಗದೆ," ಎಂದ ಅಮೃತಪ್ಪ.

ಬಂಡೆಪ್ಪ ಅಂಗಿಯ ಕಿಸೆಗೆ ಕೈ ಹಾಕಿ ಒಂದು ಗುಂಡನ್ನು ಮೇಜಿನ ಮೇಲೆ ನಿಲ್ಲಿಸಿದ. ಅದರ ತಳದ ತಾಮ್ರದ ಬೊಟ್ಟಿನ ಮೇಲೆ ಉಗುರಿನಿಂದ ಒತ್ತಿದಂಥ ಒಂದು ತಗ್ಗು. "ಇದು ಐದನೇದು," ಎಂದ.

ಅಮೃತಪ್ಪ ತಮ್ಮನನ್ನು ನೋಡಿದ. ಅವತ್ತಿನಿಂದ ಅದು ಆ ಕಿಸೆಯಲ್ಲಿತ್ತೆಂಬುದು ಅವನಿಗೆ ಗೊತ್ತಿರಲಿಲ್ಲ.

ಸಾವಕಾರರು ಕಪಾಟಿನಿಂದ ತಮ್ಮ ಹಳೆಯ ರಿವಾಲ್ವರ್ ತೆಗೆದುಕೊಂಡು ಹಿತ್ತಲಿಗೆ ಹೊರಟರು. ಇಬ್ಬರೂ ಹಿಂದೆ ಹೋದರು. ಎತ್ತರದ ಗೋಡೆಗೆ ಉಸುಕಿನ ಚೀಲಗಳನ್ನು ಒಟ್ಟಿ, ಮುಂದೆ ಜಾಲಿಮರದ ಹಲಗೆ ಆನಿಸಿದ್ದರು. ಸಾವಕಾರರು ಆ ಒಂದೇ ಗುಂಡನ್ನು ಹಾಕಿ ಉರುಳೆಯನ್ನು ಸರಿಯಾಗಿ ಕೂಡಿಸಿದರು.

"ಕಿವಿ ಮುಚ್ಕೋರಿ. ಹಾರಿದ್ರ ಹಾರೀತು."

ಹಾರಿತು. ಊರಿನ ನೂಲಿನ ಗಿರಣಿಯ ಭೋಂಗಾದ ಕೂಗಿಗೂ ಹೆದರದ ಪಾರಿವಾಳಗಳು ಮಾಡಿನಿಂದ ಎದ್ದು ಹೋದವು. ಹೊಗೆ ತಿಳಿಯಾದ ಮೇಲೆ ನೋಡಿದರೆ ಹಲಗೆಯ ನಡುವೆ ಒಂದು ತೂತು ಬಿದ್ದಿತ್ತು. ಗುಂಡು ಹಿಂದಿನ ಚೀಲಕ್ಕೆ ಹೊಕ್ಕು ಉಸುಕು ಸಣ್ಣಗೆ ಸುರಿಯುತ್ತಿತ್ತು.

"ಕಾಡತೂಸು ಬರೋಬ್ಬರಿ ಅದ," ಎಂದರು ಸಾವಕಾರರು ಸಮಾಧಾನದಿಂದ. "ತಪ್ಪು ಅದರದಲ್ಲ."

ಬಂಡೆಪ್ಪ ಹಲಗೆಯ ಹತ್ತಿರ ಹೋಗಿ ತೂತಿನ ಅಂಚನ್ನು ಮುಟ್ಟಿ ನೋಡಿದ. ಬಿಸಿ ಇದ್ದಿರಬೇಕು, ಕೈ ಹಿಂದೆಳೆದುಕೊಂಡ. ಉಸುಕು ಸುರಿಯುವುದು ನಿಲ್ಲುವವರೆಗೆ ಅಲ್ಲೇ ನಿಂತಿದ್ದ. ಅಮೃತಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ. ಸಾವಕಾರರು ಒಳಗೆ ಬರ್ರಿ ಎಂದು ಎರಡು ಸಲ ಕರೆದ ಮೇಲೆ ಬಂದು ಕುಳಿತ.

"ಹೊಸಾ ಸ್ಪ್ರಿಂಗ್ ಕೂಡಿಸಿ ಕೊಡ್ಲೋ? ಇಲ್ಲಾ ಬ್ಯಾರೇ ಒಂದು ತಗೊಂಡು ಹೋಗ್ತೀರೋ? ಚಲೋದು ಅದ, ನಾನಽ ಹೊಡದು ನೋಡೀನಿ."

"ಆ ಕಾಗದದಾಗ ನಾಯಿ ಅಂತ ಬರದೀರಲ್ಲ," ಎಂದ ಅಮೃತಪ್ಪ. "ಅದನ್ನ ಕಾಟ್ ಹಾಕ್ರಿ."

"ಮತ್ತೇನು ಬರೀಲಿ?"

"ಏನೂ ಬರೀಬ್ಯಾಡ್ರಿ. ನಾಯಿ ಅಲ್ಲ ಅದು."

ಸಾವಕಾರರು ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿದರು. ಮೂವತ್ತು ವರ್ಷ ಈ ವ್ಯಾಪಾರ ಮಾಡಿದವರು. ಟಾಕು ತೆಗೆದುಕೊಂಡು ಆ ಒಂದು ಶಬ್ದದ ಮೇಲೆ ಅಡ್ಡಗೆರೆ ಎಳೆದರು.

"ಬ್ಯಾರೇದೂ ಬ್ಯಾಡ, ಇದೂ ಬ್ಯಾಡ," ಎಂದ ಅಮೃತಪ್ಪ. "ಇಟ್ಕೋರಿ. ಲಾಯಸೆನ್ಸಿನ ಮ್ಯಾಲ ವಾಪಸ್ ಕೊಟ್ಟಾರ ಅಂತ ಬರದು ಸಹಿ ಮಾಡ್ರಿ."

"ದರೋಡಿಕೋರರು ತಿರಗಾಕತ್ಯಾರ್ರಿ ಆ ಕಡೆ."

"ತಿರಗಲಿ. ಮನ್ಯಾಗ ಮಂದಿ ಇದ್ದೀವಿ."

ಮಧ್ಯಾಹ್ನದ ಗಾಡಿಯಲ್ಲಿ ಜನ ಕಡಿಮೆ. ಹೋಟಗಿ ಸ್ಟೇಶನ್ ದಾಟಿದ ಮೇಲೆ ಎದುರಿನ ಬಾಕು ಬರಿದಾಯಿತು. ಉಮಾಬಾಯಿ ಇಬ್ಬರಿಗೂ ಸೇರಿಸಿ ಕಟ್ಟಿಕೊಟ್ಟಿದ್ದ ಬುತ್ತಿಯನ್ನು ಬಂಡೆಪ್ಪ ಬಿಚ್ಚಿ, ರೊಟ್ಟಿ, ಹಿಂಡಿ, ಒಣ ಝುಣಕವನ್ನು ಅಣ್ಣನ ಕಡೆ ಸರಿಸಿದ. ಅಮೃತಪ್ಪ ಒಂದು ತುತ್ತು ಮುರಿದುಕೊಂಡು ಹಾಗೇ ಹಿಡಿದುಕೊಂಡ.

"ಅಣ್ಣಾ," ಎಂದ ಬಂಡೆಪ್ಪ. "ಒಂದು ಕೇಳ್ತೀನಿ. ನೀಲಾಬಾಯಿ ವೈನಿ ಮುಂದ ಹೇಳಿದ್ದು ಬ್ಯಾಡ, ಊರ ಮುಂದ ಹೇಳಿದ್ದು ಬ್ಯಾಡ. ಅದು ಹಾರೂದಿಲ್ಲ ಅಂತ ನಿನಗ ಗೊತ್ತಿತ್ತೇನು?"

ಹೊರಗೆ ಜೋಳದ ಹೊಲಗಳು, ಕಪ್ಪು ಎರೆ, ಮತ್ತೆ ಜೋಳದ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ತಮ್ಮನಿಗಿಂತ ಹದಿನಾಲ್ಕು ವರ್ಷ ದೊಡ್ಡವನು ಅಮೃತಪ್ಪ. ಬೋರಿ ಹೊಳೆಯಲ್ಲಿ ಅವನಿಗೆ ಈಸು ಕಲಿಸಿದವನು. ಹೂಂ ಎಂದರೆ ಮುಗಿಯುತ್ತಿತ್ತು. ಮನೆಯವರೆಲ್ಲ ಆ ಹೂಂ ಅನ್ನು ಅವನಿಗಾಗಿ ಸಿದ್ಧ ಮಾಡಿ ಇಟ್ಟಿದ್ದರು. ಬಂಡೆಪ್ಪನೂ ಅದನ್ನು ತೆಗೆದುಕೊಂಡು ಸುಮ್ಮನಾಗುವವನೇ.

"ಇಲ್ಲ," ಎಂದ ಅಮೃತಪ್ಪ. "ಹಾರತದ ಅಂತನ ತಿಳದಿದ್ದೆ."

ಬಂಡೆಪ್ಪ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಗಿದು ನುಂಗಿದ. ತಿಲಾಟಿ ಸ್ಟೇಶನ್ನಿನಲ್ಲಿ ಇಳಿದು ನೀರು ತುಂಬಿಸಿಕೊಂಡು ಬಂದು, ಮೊದಲು ಅಣ್ಣನಿಗೆ ಕೊಟ್ಟ.

"ಕುಡಿ," ಎಂದ. "ತುತ್ತು ಗಂಟಲದಾಗ ಹಿಡದೀತು."

ಅಕ್ಕಲಕೋಟೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಊರ ಅಗಸಿಬಾಗಿಲ ಹತ್ತಿರ ಅವರ ಚಕ್ಕಡಿ ಕಾಯುತ್ತಿತ್ತು. ಟಾಂಗಾದಿಂದ ಇಳಿದ ಬಂಡೆಪ್ಪ ಆ ಕಡೆ ನಡೆದ. ಅಮೃತಪ್ಪ ನಿಂತಲ್ಲೇ ನಿಂತು ಕೇಳಿದ:

"ಅವನ ಗಿರಣಿ ಎಲ್ಲಿ ಅದ?"

"ಯಾರದು?"

"ಯಾರದು ಅಂದ್ರ. ಕಾಮಣ್ಣಂದು."

ಬಂಡೆಪ್ಪ ಮುಂದೆ ನಡೆದ, ಅಮೃತಪ್ಪ ಹಿಂದೆ. ಎರಡು ಓಣಿ ದಾಟುವುದರೊಳಗೆ ಇಂಜಿನ್ನಿನ ಬಡಿತ ಕೇಳಿಸಿತು. ಗಿರಣಿಯ ಬಾಗಿಲಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಸರದಿ ಕಾಯುತ್ತಿದ್ದರು. ಒಳಗಿದ್ದ ಕಾಮಣ್ಣ ಅಣ್ಣತಮ್ಮಂದಿರನ್ನು ಕಂಡ. ಹಿತ್ತಲಿನಲ್ಲಿ ನಡೆದ ಸುದ್ದಿ ಅವನಿಗೂ ಮುಟ್ಟಿತ್ತೆಂದು ಅವನು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು. ಅವನ ಕಣ್ಣು ಅಮೃತಪ್ಪನ ಎರಡೂ ಕೈಗಳ ಮೇಲೆ ಹೋಯಿತು. ಒಂದರಲ್ಲಿ ರುಮಾಲು ಇತ್ತು, ಇನ್ನೊಂದು ಬರಿದು.

ಕಾಮಣ್ಣ ಇಂಜಿನ್ ನಿಲ್ಲಿಸಿದ. ಒಮ್ಮೆಲೇ ಓಣಿಯೆಲ್ಲ ಸುಮ್ಮನಾಯಿತು. ಅವನು ಒಳಗಿನಿಂದ ತಾಮ್ರದ ತಂಬಿಗೆಯಲ್ಲಿ ಕಾಲಿಗೆ ನೀರು ತಂದು, "ಬರ್ರಿ," ಎಂದ. ಅವನ ಹುಬ್ಬು, ಮೀಸೆ, ಮೊಣಕೈವರೆಗಿನ ಕೂದಲು ಎಲ್ಲ ಹಿಟ್ಟು ಮೆತ್ತಿ ಬೆಳ್ಳಗಾಗಿತ್ತು.

ಅಮೃತಪ್ಪ ಗೋಡೆ ಹಿಡಿದು ಕೆರವು ಬಿಟ್ಟು, ಕಲ್ಲಿನ ಮೇಲೆ ಒಂದು ಕಾಲು ಮುಂದಿಟ್ಟ. ಕಾಮಣ್ಣ ಬಾಗಿ ನೀರು ಹಾಕಿದ. ಅವನ ಬೆರಳುಗಳಿಂದ ಹಿಟ್ಟು ಕರಗಿ, ನೀರು ಹಾಲಿನಂತೆ ತೆಳ್ಳಗೆ ಬೆಳ್ಳಗೆ ಹಿಮ್ಮಡಿಯ ಮೇಲಿಂದ ಇಳಿದು ಕಲ್ಲಿನ ಸಂದಿಗೆ ಹೋಯಿತು. ಅಮೃತಪ್ಪ ಇನ್ನೊಂದು ಕಾಲನ್ನು ಮುಂದಿಟ್ಟ.