ಬೇಗ ಬಂದ ಡ್ರೋನು

ಕಾಂದಿವಲಿಯ ಕಾಲೊನಿಯೊಂದರ ಹನ್ನೆರಡು ಬಿಲ್ಡಿಂಗುಗಳ ನೀರಿನ ಟಾಂಕಿಗಳಲ್ಲಿ ಹರಿಣಿ ಸೆನ್ಸರ್ ಇಟ್ಟಿದ್ದಳು. ಎಲ್ಲೆಲ್ಲಿ ಎಷ್ಟು ನೀರಿದೆಯೆಂಬ ಸುದ್ದಿಯನ್ನು ಡ್ರೋನು ಹಾರಿ ತರಬೇಕು. ಮೊದಲ ಸಲ ಅದು ಪೋಸ್ಟ್‌ಮ್ಯಾನಿನಂತೆ ಹನ್ನೆರಡೂ ಟೆರೇಸಿಗೆ ಹೊರಟು, ಏಳನೆಯದರಲ್ಲಿ ಬ್ಯಾಟರಿ ಮುಗಿದು ಯಾರದೋ ಹಪ್ಪಳದ ಮೇಲೆ ಮಲಗಿತ್ತು. ಇವತ್ತೂ ಕೆಟ್ಟರೆ ಸೊಸೈಟಿ ಸೆಕ್ರೆಟರಿ ಹಿರಿಯಣ್ಣನವರ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಅವಳ ಕಾಲೇಜಿನ ವಿದ್ಯುತ್ ಉಳಿತಾಯದ ಪ್ರಾಜೆಕ್ಟೂ ಇಲ್ಲ.

ಅದಕ್ಕೇ ಈ ಸಲ ಉಪಾಯ ಹೂಡಿದ್ದಳು. ಸೆನ್ಸರುಗಳು ದಿನವಿಡೀ ನಿದ್ದೆ ಹೊಡೆದು, ಗಂಟೆಗೊಮ್ಮೆ ಎದ್ದು, ನೀರು ನೋಡಿ, ನಾಲ್ಕು ಸೆನ್ಸರಿನ ಗುಂಪಿಗೊಂದರಂತೆ ಆರಿಸಿದ ಮುಖಂಡ ಸೆನ್ಸರಿನ ಕಿವಿಯಲ್ಲಿ ಊದಿ ಮತ್ತೆ ಮಲಗುತ್ತವೆ. ಡ್ರೋನು ಮೂವರು ಮುಖಂಡರನ್ನು ಕಂಡು ಬಂದರೆ ಸಾಕು.

ನಾಲ್ಕೇ ನಿಮಿಷದಲ್ಲಿ ಅದು ಎಲ್ಲ ಸುದ್ದಿ ಹೊತ್ತು ಇಳಿಯಿತು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

ಪರೇಲಿನ ಆಫೀಸಿನಲ್ಲಿ ಮೂವತ್ತು ವರ್ಷ ಹಾಜರಿ ಪುಸ್ತಕ ಕಾದಿದ್ದ ಹಿರಿಯಣ್ಣ ವಾಚು ನೋಡಿಕೊಂಡರು.

"ಇಷ್ಟು ಬೇಗ ಬಂದ್ಬಿಡ್ತಾ? ನಮ್ಮ ಆಫೀಸಲ್ಲಿ ಬೇಗ ವಾಪಸ್ ಬಂದೋರು ಸೈಟಿಗೇ ಹೋಗಿರ್ತಿರ್ಲಿಲ್ಲ ಕಣಮ್ಮ. ಸೆನ್ಸರುಗಳು ಏನ್ಮಾಡ್ತಿವೆ?"

"ಮಲಗಿವೆ ಅಂಕಲ್. ಪವರ್ ಉಳಿಸ್ಲಿಕ್ಕೆ."

"ಮಲಗಿರೋರಿಗೆ ನಾನು ಸಹಿ ಹಾಕ್ಬೇಕಾ?"

ಫೋನಿನಲ್ಲಿದ್ದ ಅಂಕಿಗಳನ್ನು ತೋರಿಸಿದಳು. ಅವರು ಕನ್ನಡಕವನ್ನೇ ತೆಗೆದು ಜೇಬಿಗಿಟ್ಟರು. ಹರಿಣಿ ಫೋನಿನಲ್ಲಿ ಡ್ರೋನಿನ ದಾರಿ ಬದಲಿಸಿದಳು.

"ಆಯ್ತು ಅಂಕಲ್, ಇನ್ನೊಮ್ಮೆ ಕಳಿಸ್ತೇನೆ."

ಡ್ರೋನು ಯಾವ ಸೆನ್ಸರನ್ನೂ ಮಾತಾಡಿಸದೆ, ದೇವರಿಗೆ ಸುತ್ತು ಬರುವಂತೆ ಇಡೀ ಕಾಲೊನಿಗೆ ಪ್ರದಕ್ಷಿಣೆ ಹಾಕಿತು. ಬ್ಯಾಟರಿ ಕೆಂಪಾದ ಮೇಲೆ ಕುಂಯ್‌ಗುಟ್ಟುತ್ತ ನೆಲಕ್ಕೆ ಬಂತು.

"ನೋಡು, ಈಗ ದುಡಿದ ಕಳೆ ಬಂತು," ಎಂದು ಹಿರಿಯಣ್ಣ ಪೆನ್ನು ತೆಗೆದು, ಅವಳ ಪ್ರಾಜೆಕ್ಟಿನ ಅರ್ಜಿಗೆ ಸಹಿ ಹಾಕಿ, ಕೆಳಗೆ ದುಂಡಗೆ ಬರೆದರು: ವಿದ್ಯುತ್ ಉಳಿತಾಯ ತೃಪ್ತಿಕರ.