ಚಿಪ್ಪಿಗಡ್ಡೆಯ ಬಡಗಣ ಹಗ್ಗ

ನಾನು ತೆಂಗಿನ ನಾರಿನ ಹಗ್ಗ. ಹಗ್ಗವೆಂದ ಕೂಡಲೇ ಬಾವಿಯದೋ ದನ ಕಟ್ಟುವುದೋ ಎಂದುಕೊಳ್ಳಬೇಡಿ, ಅಷ್ಟು ಸಣ್ಣವನಲ್ಲ ನಾನು. ಊರಿಗೆ ಊರೇ ಸೇರಿ ಎಳೆಯುವ ರಂಪಣಿ ಎಂಬ ದೊಡ್ಡ ಬಲೆಯ ಹಗ್ಗ. ಚಿಪ್ಪಿಗಡ್ಡೆ ದ್ವೀಪದ ಹಿನ್ನೀರಿನಲ್ಲಿ ನನ್ನ ನಾರು ತಿಂಗಳುಗಟ್ಟಲೆ ಕೊಳೆಯಿತು. ಆಮೇಲೆ ಮೊಗವೀರ ಹೆಂಗಸರು ಬಡಿದು, ಬಿಡಿಸಿ, ಹೊಸೆದರು. ಅವರಲ್ಲಿ ಹೊಸದಾಗಿ ಮದುವೆಯಾಗಿದ್ದ ಅಕ್ಕು ಒಬ್ಬಳು. ಅವಳು ಹೊಸೆದ ಕಡೆ ನನ್ನ ಹುರಿ ಇವತ್ತಿಗೂ ಬಿಗಿ.

ಬಲೆಗೆ ಎರಡು ಹಗ್ಗ. ದಡದ ಬಡಗು ತುದಿಯಲ್ಲಿ ನಾನು, ತೆಂಕಲ್ಲಿ ನನ್ನ ತಮ್ಮ. ದೋಣಿಯವರು ಬಲೆಯನ್ನು ಕಡಲಲ್ಲಿ ಅರ್ಧಚಂದ್ರವಾಗಿ ಬಿಟ್ಟು ಬಂದ ಮೇಲೆ, ಗಂಡು ಹೆಣ್ಣೆನ್ನದೆ ಎಲ್ಲರೂ ಕೈಗೆ ಸಿಕ್ಕ ಹಗ್ಗ ಹಿಡಿಯುತ್ತಿದ್ದರು. ಎಳೆಯುತ್ತ ಎಳೆಯುತ್ತ ಎರಡು ಗುಂಪೂ ಒಂದರತ್ತ ಒಂದು ಸರಿಯುತ್ತಿದ್ದವು. ಬಲೆ ದಡ ಮುಟ್ಟುವಾಗ ಎಲ್ಲರದೂ ಭುಜಕ್ಕೆ ಭುಜ. ಪಾಲು ಹಂಚುವಾಗ ಯಾವ ಹಗ್ಗ ಹಿಡಿದಿದ್ದೆ ಎಂದು ಯಾರೂ ಕೇಳುತ್ತಿರಲಿಲ್ಲ. ಗಂಡ ಕಾಯಿಲೆ ಬಿದ್ದಿದ್ದರೆ ಅವನ ಪಾಲೂ ಹೆಂಡತಿಯ ಬುಟ್ಟಿಗೆ ಬೀಳುತ್ತಿತ್ತು.

ದ್ವೀಪವನ್ನು ಆಳುತ್ತಿದ್ದದ್ದು ಕಡಲಾಚೆಯ ಒಂದು ದೇಶ. ಆ ದೇಶವನ್ನು ಚಿಪ್ಪಿಗಡ್ಡೆಯ ಒಬ್ಬರೂ ಕಂಡಿರಲಿಲ್ಲ. ತೆರಿಗೆ ಇವರದು, ಅಲ್ಲಿನ ಸಭೆಗೆ ಮತ ಹಾಕುವ ಹಕ್ಕು ಮಾತ್ರ ಇಲ್ಲಿ ಬಂದು ಕೂತಿದ್ದ ಅಧಿಕಾರಿಗಳದು. ಹೀಗೇಕೆ ಎಂದು ಅಕ್ಕುವಿನ ಗಂಡ ಹೆರಿಯ ಒಂದು ದಿನ ದಡದ ಮೇಲೆ ಎಲ್ಲರೆದುರು ಕೇಳಿಬಿಟ್ಟ. ಅಷ್ಟೇ ಕೇಳಿದ್ದು. ಸಂಜೆಯೊಳಗೆ ಅವನನ್ನು ಅಧಿಕಾರಿಗಳ ಕೋಟೆಯಲ್ಲಿ ಕೂಡಿಹಾಕಿದರು. ಅಂದಿನಿಂದ ಊರು ಪಿಸುಮಾತಿಗಿಳಿಯಿತು.

ಸ್ವಲ್ಪ ಕಾಲಕ್ಕೆ ಆಚೆಯಿಂದಲೇ ಅಪ್ಪಣೆ ಬಂತು. ನಮ್ಮ ಕೆಳಗೇ ಇರುತ್ತೀರೋ, ನಿಮ್ಮನ್ನು ನೀವೇ ಆಳಿಕೊಳ್ಳುತ್ತೀರೋ ಎಂದು ಜನರನ್ನೇ ಕೇಳಬೇಕಂತೆ. ಆ ದೇಶದ ಪರವಾಗಿ ಕೋಟೆಯಲ್ಲಿದ್ದು ಆಳುತ್ತಿದ್ದ ದೊರೆಗೆ ಇದು ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು. ಓದು ಬಾರದ ಜನಕ್ಕೆ ಚೀಟಿ, ಪೆಟ್ಟಿಗೆ ಯಾಕೆ ಎಂದ. ಬಲೆ ಬಿಟ್ಟ ಬೆಳಿಗ್ಗೆ ಎಲ್ಲರೂ ದಡಕ್ಕೆ ಬಂದೇ ಬರುತ್ತಾರೆ; ಈಗಿನ ಸರ್ಕಾರವೇ ಬೇಕೆನ್ನುವವರು ಬಡಗಣ ಹಗ್ಗ ಹಿಡಿಯಲಿ, ಬೇಡವೆನ್ನುವವರು ತೆಂಕಣದ್ದು ಹಿಡಿಯಲಿ, ಎಣಿಸಿದರಾಯಿತು ಎಂದ. ಯಾರು ಎಲ್ಲಿ ನಿಂತರೆಂದು ಅವನಿಗೂ ಕಾಣುತ್ತಿತ್ತಲ್ಲ.

ಆ ಬೆಳಿಗ್ಗೆ ಬಂದೂಕಿನವರು ದಡದುದ್ದಕ್ಕೂ ನಿಂತಿದ್ದರು. ದೊರೆಯ ದುಭಾಷಿ ದೂಮಪ್ಪ ಅಕ್ಕುವಿನ ಬಳಿ ಬಂದು ಮೆಲ್ಲಗೆ ಹೇಳಿದ:

"ಬಡಗಿನ ಹಗ್ಗ ಹಿಡಿ ಅಕ್ಕು. ನಿನ್ ಗಂಡ ಸಂಜಿಗೆ ಮನಿಗ್ ಬತ್ತ. ಇಲ್ದಿರೆ ಕಡಲಾಚಿಗ್ ಹಡಗ್ ಹತ್ತಿಸ್ತ್ರ್."

ಅಕ್ಕು ಬಂದು ನನ್ನನ್ನು ಹಿಡಿದಳು, ತಾನು ಹೊಸೆದ ಜಾಗದಲ್ಲೇ. ಅವಳ ಅಂಗೈ ಬೆವರಿನಿಂದ ಒದ್ದೆಯಾಗಿತ್ತು. ಹೆರಿಯನ ಹೆಂಡತಿಯೇ ಬಡಗಿಗೆ ನಿಂತದ್ದನ್ನು ಕಂಡು ಇನ್ನೂ ಹಲವರು ತಲೆ ತಗ್ಗಿಸಿ ಅವಳ ಹಿಂದೆ ಬಂದು ನಿಂತರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನನಗೂ ಭಯವಾಯಿತು. ಮೀನು ಎಳೆದ ಹಗ್ಗ ನಾಳೆ ಯಾರ ಕೈ ಕಟ್ಟಲು ಬಳಕೆಯಾಗುತ್ತದೋ ಹೇಳಲಾಗದು.

ದೊರೆ ಎಲ್ಲ ಲೆಕ್ಕ ಹಾಕಿದ್ದ, ಒಂದನ್ನು ಬಿಟ್ಟು. ನಮ್ಮ ಇನ್ನೊಂದು ತುದಿ ಕಡಲಲ್ಲಿತ್ತು. ಎಣಿಕೆ ಶುರುವಾಗುವಷ್ಟರಲ್ಲಿ ಬಂಗುಡೆ ಮೀನಿನ ಹಿಂಡು ಬಲೆಗೆ ಬಿತ್ತು. ಮೊದಲು ನಾನು ನಡುಗಿದೆ, ನನ್ನಿಂದ ಅಕ್ಕುವಿಗೆ ಗೊತ್ತಾಯಿತು. ಈಗ ಎಳೆಯದಿದ್ದರೆ ಬಲೆ ಹರಿಯುತ್ತದೆ. ಎಳೆದರೆ ತೆಂಕಿನವರತ್ತ ಸರಿಯಲೇಬೇಕು. ಸರಿದರೆ ಹೆರಿಯ ಮನೆಗೆ ಬರುವುದಿಲ್ಲ.

ಅಭ್ಯಾಸಬಲದಿಂದ ಎಳೆದುಬಿಟ್ಟಳು ಎಂದು ಊರಲ್ಲಿ ಈಗಲೂ ಹೇಳುತ್ತಾರೆ. ಅದು ಸುಳ್ಳು. ನಾನು ಅವಳ ಕೈಯಲ್ಲೇ ಇದ್ದೆ. ಆ ಕೈ ಮೊದಲು ಸಡಿಲವಾಯಿತು. ಅವಳು ಕೋಟೆಯ ಕಡೆ ನೋಡಿದಳು, ತೆಂಕಿನ ಗುಂಪನ್ನು ನೋಡಿದಳು. ಆಮೇಲೆ ನನ್ನನ್ನು ಬಿಗಿಯಾಗಿ ಹಿಡಿದಳು.

"ಮೀನ್ ಬಿದ್ದಿತ್," ಎಂದಳು ಹಿಂದಿದ್ದವರಿಗೆ. "ಎಳೀನಿ."

ಎಳೆದರು. ನಿಲ್ಲಿ ನಿಲ್ಲಿ ಎಂದು ದೂಮಪ್ಪ ಗಂಟಲು ಹರಿದುಕೊಂಡ, ಬಂದೂಕಿನವರು ಗಾಳಿಯಲ್ಲಿ ಗುಂಡು ಹಾರಿಸಿದರು. ಕೆಲವರು ಮರಳಿನ ಮೇಲೆ ಕುಸಿದು ಕೂತರೂ ಕೈ ಬಿಡಲಿಲ್ಲ. ಬಲೆ ದಡಕ್ಕೆ ಬರುವಾಗ ಬಡಗು ಯಾವುದು ತೆಂಕು ಯಾವುದು ಎಂದು ಯಾರಿಗೂ ಹೇಳಲಾಗಲಿಲ್ಲ. ದೊರೆಯ ಎಣಿಕೆ ನೀರುಪಾಲಾಯಿತು. ಆ ದಿನದ ಮತ ರದ್ದೆಂದು ಸಾರಿದರು.

ಸಂಜೆ ಹಡಗು ಹೊರಟಿತು. ಅದರಲ್ಲಿ ಹೆರಿಯನಿದ್ದ. ಊರಿನವರು ಅವನ ಪಾಲನ್ನೂ ಅಕ್ಕುವಿನ ಬುಟ್ಟಿಗೆ ಹಾಕಿದ್ದರು. ಅವಳು ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಹಡಗು ಕಣ್ಮರೆಯಾದ ಮೇಲೂ ದಡದಲ್ಲೇ ಕೂತಿದ್ದಳು. ಆಮೇಲೆ ಅವನ ಸುದ್ದಿ ಬರಲಿಲ್ಲ.

ನೈಲಾನು ಬಂದ ಮೇಲೆ ನನ್ನನ್ನು ಬಲೆಮನೆಯ ಮೂಲೆಗೆ ಎಸೆದರು. ಇಲಿಗಳು ನನ್ನಲ್ಲಿ ಮರಿ ಹಾಕಿದವು. ನನ್ನ ಕಾಲ ಮುಗಿಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಚಿಪ್ಪಿಗಡ್ಡೆಗೆ ನಿಜವಾದ ಮತ ಬಂತು, ಚೀಟಿ, ಪೆಟ್ಟಿಗೆ, ಪರದೆ ಎಲ್ಲದರ ಜೊತೆ. ಶಾಲೆಯಂಗಳದಲ್ಲಿ ಸಾಲು ನಿಲ್ಲಿಸಲು ಹಗ್ಗ ಬೇಕಾಗಿ ನನ್ನನ್ನು ಎಳೆದು ತಂದು ಕಂಬಗಳಿಗೆ ಬಿಗಿದರು.

ತಲೆ ನೆರೆತ ಅಕ್ಕು ನನ್ನನ್ನು ಹಿಡಿದುಕೊಂಡೇ ಹೆಜ್ಜೆಹೆಜ್ಜೆಯಾಗಿ ಮುಂದೆ ಬಂದಳು. ಬಂದೂಕಿನವರು ಯಾರೂ ಇರಲಿಲ್ಲ. ಆದರೂ ಅಂಗೈ ಅಂದಿನ ಹಾಗೇ ಒದ್ದೆ. ತಾನು ಹೊಸೆದ ಬಿಗಿ ಹುರಿ ಕೈಗೆ ಸಿಕ್ಕಾಗ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬಾಗಿಲಲ್ಲಿ ಕೂತಿದ್ದ ಹುಡುಗಿ ಅವಳಿಗೊಂದು ಚೀಟಿ ಕೊಟ್ಟಳು. ಅಕ್ಕು ಗಂಡನದೂ ಬೇಕೆಂದು ಇನ್ನೊಂದಕ್ಕೆ ಕೈ ಚಾಚಿದಳು. ಒಬ್ಬರಿಗೆ ಒಂದೇ, ಯಜಮಾನರದ್ದನ್ನು ಅವರೇ ಬಂದು ಹಾಕಬೇಕು ಎಂದು ಹುಡುಗಿ ತಿಳಿಸಿ ಹೇಳಿದಳು.

"ಹಾಂಗಾರೆ ಅವ್ರ್ ಪಾಲ್ ಎಲ್ಲಿಗ್ ಹೋಯ್ತ್?" ಎಂದಳು ಅಕ್ಕು.

ಅಕ್ಕು ಕೋಟೆಯ ಕಡೆ ಒಮ್ಮೆ ತಿರುಗಿ ನೋಡಿ, ನನ್ನ ಮೇಲಿನ ಕೈ ಬಿಟ್ಟು, ಒಬ್ಬಳೇ ಪರದೆಯ ಹಿಂದೆ ಹೋದಳು.