ಗುಂಡನೆ ಬಿಲ್ಲೆ, ಚೌಕದ ಬಿಲ್ಲೆ

ಕೊಟ್ರವ್ವನಿಗೆ ಬೇಕಾಗಿದ್ದುದು ಕಚ್ಚದ ನಾಯಿ. ಬೊಗಳದಿದ್ದರೂ ಸರಿ, ಕಳ್ಳನ ಮುಂದೆ ಬಾಲ ಅಲ್ಲಾಡಿಸಿದರೂ ಸರಿ. ಕಳ್ಳ ಬಂದು ಒಯ್ಯಲಿಕ್ಕೆ ಆ ಗುಡಿಸಲಲ್ಲಿ ಏನಿತ್ತು? ಐದು ವರ್ಷದ ಉಚ್ಚೆಂಗಿ, ಇನ್ನೂ ಅಂಬೆಗಾಲಿಕ್ಕುವ ರೇವಣ್ಣ, ಒಂದು ಮೇಕೆಮರಿ, ಮರಿಗಳನ್ನು ಕಟ್ಟಿಕೊಂಡು ಓಡಾಡುವ ಒಂದು ಹೇಂಟೆ. ಇಷ್ಟೇ ಅವಳ ಸಂಸಾರ. ದಾವಣಗೆರೆಯ ಹತ್ತಿ ಮಿಲ್ಲೊಂದರ ಬೆನ್ನಿಗೆ ಅಂಟಿದ ಗುಡಿಸಲು ಲೈನು ಅದು. ಲೈನು ಮುಗಿದಲ್ಲೇ ರೈಲು ಹಳಿ.

ಗಂಡ ಕಲ್ಲಪ್ಪ ಅದೇ ಮಿಲ್ಲಿನ ಧೂಳು ನುಂಗಿ ನುಂಗಿ, ಕಡೆಗೆ ಕೆಮ್ಮಿ ಕೆಮ್ಮಿ ಹೋಗಿದ್ದ. ಅವನ ಉಸಿರಿನ ಲೆಕ್ಕ ಚುಕ್ತಾ ಮಾಡಿದೆವು ಎಂಬಂತೆ ಮಿಲ್ಲಿನವರು ಅವಳಿಗೆ ನೂಲು ಸುತ್ತುವ ರೀಲಿಂಗ್ ಖಾತೆಯಲ್ಲಿ ಬದಲಿ ಕೆಲಸ ಕೊಟ್ಟಿದ್ದರು. ಬದಲಿ ಅಂದರೆ, ಖಾಯಂ ಆಳು ಬಾರದ ದಿನ ಮಾತ್ರ ಕೂಲಿ. ಪಾಳಿಗೆ ಕರೆಯುವ ಮಿಲ್ಲಿನ ಭೋಂಗ ಕೂಗುವ ಮೊದಲೇ ಗೇಟಿನ ಮುಂದೆ ನಿಲ್ಲಬೇಕು, ನಂಬರು ಕೆತ್ತಿದ ಗುಂಡನೆಯ ಹಿತ್ತಾಳೆ ಬಿಲ್ಲೆ ತೋರಿಸಬೇಕು, ಕರೆದರೆ ಒಳಗೆ ಹೋಗಬೇಕು. ಕರೆದಾಗ ಇಲ್ಲದವಳನ್ನು ಮತ್ತೆ ಕರೆಯುವುದಿಲ್ಲ.

ಕೆಲಸಕ್ಕೆ ಹೋಗುವಾಗ ರೇವಣ್ಣನ ಕಾಲನ್ನು ಹಳೇ ಸೀರೆಯ ಅಂಚಿನಿಂದ ಒರಳುಕಲ್ಲಿಗೆ ಕಟ್ಟಿ ಹೋಗುತ್ತಿದ್ದಳು. ಒಂದಿನ ಗಂಟು ಬಿಚ್ಚಿತು. ಮಗು ಹಳಿಯ ಜಲ್ಲಿಯವರೆಗೂ ಹೋಗಿ, ಕಲ್ಲು ಆರಿಸುತ್ತ ಕೂತಿತ್ತು. ಉಚ್ಚೆಂಗಿ ತಮ್ಮನನ್ನು ದರದರ ಎಳೆದುಕೊಂಡು ಬಂದಿದ್ದಳು. ಮರುದಿನವೇ ಕೊಟ್ರವ್ವ ಲೈನಿನ ಕರಿನಾಯಿಯೊಂದಕ್ಕೆ ರೊಟ್ಟಿ ಹಾಕಿ ಬಾಗಿಲಲ್ಲಿ ಕಟ್ಟಿದಳು. ಅದು ಕೋಳಿಮರಿ ನುಂಗಿತು. ರೊಟ್ಟಿ ಹಿಡಿದಿದ್ದ ಉಚ್ಚೆಂಗಿಯ ಕೈಗೇ ಬಾಯಿ ಹಾಕಿತು. ಹೊಡೆದು ಓಡಿಸಿದಳು.

"ನಮ್ಮಣ್ಣನ ಊರಿಗೆ ಹೋಗಿ ಒಂದು ಒಳ್ಳೇ ನಾಯಿ ತರ್ತೀನಿ" ಅಂದಾಗ ಪಕ್ಕದ ಗುಡಿಸಲ ಮುದುಕಿ ಗಿರಿಯಮ್ಮ ನಕ್ಕಳು.

"ಅಲ್ಲೇ ಕೊಟ್ರೀ, ಗಂಡನ್ನ ಹುಡುಕ್ದಂಗೆ ನಾಯಿ ಹುಡುಕ್ತೀಯಲ್ಲೇ!"

"ಗಂಡನ್ನ ನಮ್ಮಪ್ಪ ಹುಡುಕಿದ್ದ ಅಜ್ಜಿ. ಇದನ್ನಾದ್ರೂ ನಾನೇ ನೋಡಿ ತರ್ತೀನಿ."

ಹರಿಹರದಾಚೆಯ ಸಾರಥಿಯಲ್ಲಿ ಅವಳಣ್ಣ ಮಾಳಿಂಗಪ್ಪ ಕುರಿ ಸಾಕಿದ್ದ. ಅವನು ನಾಯಿ ಆರಿಸುವ ರೀತಿಯೇ ಬೇರೆ. ಮರಿಗಳನ್ನು ಒಂದೊಂದಾಗಿ ಕತ್ತಿನ ತೊಗಲು ಹಿಡಿದು ಎತ್ತಿದ. ಕುಂಯ್ ಅಂದದ್ದನ್ನು ಕೆಳಗಿಟ್ಟ. ಹಲ್ಲು ಕಚ್ಚಿ ಸುಮ್ಮನೆ ನೇತಾಡಿದ್ದನ್ನು ತಂಗಿಯ ಮುಂದೆ ಹಿಡಿದ.

"ತಗಾ, ಇದು ಗಂಡೆದೆ. ತೋಳ ಬಂದ್ರೂ ಬಿಡಂಗಿಲ್ಲ."

"ತೋಳ ಬರಲ್ಲಣ್ಣ ನಮ್ಮಲ್ಲಿ. ಕೂಸೈತೆ, ಕೋಳಿ ಐತೆ."

ಅವಳ ಪರೀಕ್ಷೆಯೂ ಬೇರೆಯಾಗಿತ್ತು. ಅಣ್ಣನ ಹಟ್ಟಿಯ ದೊಡ್ಡ ನಾಯಿಗಳ ಮುಂದೆಲ್ಲ ಮುದ್ದೆಯ ಚೂರು ಹಾಕಿ, ತಿನ್ನುವಾಗ ಬಟ್ಟಲಿಗೆ ತಾನೇ ಕೈ ಹಾಕಿದಳು. ಒಂದು ಗುರ್ರೆಂದಿತು. ಇನ್ನೊಂದು ಬಟ್ಟಲನ್ನೇ ಕಚ್ಚಿಕೊಂಡು ಓಡಿತು. ಮೂಲೆಯಲ್ಲಿ ಕಿವಿ ಹರಿದ ಕೆಂದು ಬಣ್ಣದ ಹೆಣ್ಣುನಾಯಿಯೊಂದು ಮಾತ್ರ ತಿನ್ನುವುದನ್ನು ನಿಲ್ಲಿಸಿ, ಅವಳ ಕೈಗೆ ಜಾಗ ಬಿಟ್ಟು ಸರಿದು ಕೂತಿತು. ಅಷ್ಟರಲ್ಲಿ ಹೇಂಟೆಯೊಂದು ಬಂದು ಅದರ ಬಟ್ಟಲಲ್ಲೇ ಕುಕ್ಕತೊಡಗಿತು. ನಾಯಿ ನೋಡುತ್ತ ಕೂತಿತು. ಅವ್ವನ ಜತೆ ಬಂದಿದ್ದ ರೇವಣ್ಣ ಅದರ ಬಾಲ ಹಿಡಿದು ಎದ್ದು ನಿಂತ. ಹುಟ್ಟಿದ ಮೇಲೆ ಅವನು ಎದ್ದು ನಿಂತದ್ದು ಅದೇ ಮೊದಲು.

"ಇದನ್ನೇ ಕೊಡಣ್ಣ."

"ಕೆಂಪೀನಾ? ಲೇ, ಅದು ಯಾರ ಕೈಯಾಗಿಂದ ಕೊಟ್ರೂ ತಿಂತೈತೆ. ಕಾವಲಿಗೆ ಬರಂಗಿಲ್ಲ. ನನಗೇ ದಂಡ."

"ಅಂಥದ್ದೇ ಬೇಕು ನನಗೆ."

ರೈಲಿಗೆ ನಾಯಿಯನ್ನು ಹತ್ತಿಸಗೊಡಲಿಲ್ಲ. ಹರಿಹರದಿಂದ ಹಾದಿಯುದ್ದಕ್ಕೂ ನಡೆದೇ ಬಂದರು, ಅವಳು, ಸೊಂಟದ ಮೇಲೆ ಮಗ, ಬೆರಳು ಹಿಡಿದ ಮಗಳು, ಹಿಂದೆ ಹಗ್ಗವಿಲ್ಲದೆ ಕೆಂಪಿ.

ಬಂದ ಮರುದಿನದಿಂದ ಕೆಂಪಿ ಹೊಸ್ತಿಲಿಗೆ ಅಡ್ಡವಾಗಿ ಮಲಗತೊಡಗಿತು. ರೇವಣ್ಣ ಅದರ ಮೇಲೆ ಹತ್ತಿ ಆಚೆ ಇಳಿಯಲು ನೋಡಿದರೆ ಮೂತಿಯಿಂದ ನೂಕಿ ಒಳಗೆ ಹಾಕುತ್ತಿತ್ತು. ಕೋಳಿಮರಿಗಳು ಅದರ ಹೊಟ್ಟೆಯ ಬಿಸಿಗೆ ಬಂದು ಕೂರುತ್ತಿದ್ದವು. ಮೇಕೆಮರಿ ಅದರ ಹರಿದ ಕಿವಿ ಚೀಪುತ್ತಿತ್ತು. ಕೊಟ್ರವ್ವ ಒರಳುಕಲ್ಲಿನಿಂದ ಸೀರೆಯ ಅಂಚು ಬಿಚ್ಚಿ ಒಲೆಗೆ ಹಾಕಿದಳು. ಕಟ್ಟು ಉಜ್ಜಿ ಆಗಿದ್ದ ಮಗನ ಕಾಲಹರಡಿನ ಗಾಯ ಮಾಯ್ದಿತು.

ಹೊಸ ನಯಾಪೈಸೆ ಬಂದ ಆ ವರ್ಷ ಮಿಲ್ಲಿನ ಮ್ಯಾನೇಜರ ಬಂಗಲೆಗೂ ಒಂದು ನಾಯಿ ಬಂತು. ಬೆಂಗಳೂರಿನಿಂದ, ಪೆಟ್ಟಿಗೆಯಲ್ಲಿ. ಅದನ್ನು ಎಲ್ಲರೂ 'ಜಾತಿ ನಾಯಿ' ಅಂದರು. ಮನುಷ್ಯರಿಗೆ ಹಂಚಿ ಮಿಕ್ಕದ್ದನ್ನು ನಾಯಿಗೂ ಹಂಚಿದ್ದೇವೆ ನಾವು. ಜಾತಿ ನಾಯಿಗೆ ಕಜ್ಜಿ ಹತ್ತಿತು. ಲೈನಿನ ನಾಯಿಗಳಿಂದಲೇ ಹತ್ತಿತು ಎಂದು ತೀರ್ಮಾನವಾಯಿತು. ಕೊರಳಲ್ಲಿ ಮಿಲ್ಲಿನ ಬಿಲ್ಲೆಯಿಲ್ಲದ ನಾಯಿಗಳಿಗೆ ವಿಷದ ಔಷಧಿ ಹಾಕುತ್ತಾರೆಂದು ತಮಟೆ ಹೊಡೆದು ಸಾರಿಸಿದರು.

ಕೊಟ್ರವ್ವ ಮಿಲ್ಲಿನ ಆಫೀಸಿಗೆ ಹೋದಳು. ಗುಮಾಸ್ತ ತಲೆ ಎತ್ತಲಿಲ್ಲ.

"ಖಾಯಮ್ಮೋ, ಬದಲಿಯೋ?"

"ಬದಲಿ ಸ್ವಾಮಿ."

"ನಾಯಿ ಬಿಲ್ಲೆ ಕ್ವಾರ್ಟರ್ಸಿನೋರಿಗೆ. ಗುಡಿಸಲಿಗೆ ನಂಬರೇ ಇಲ್ಲ. ಯಾವ ನಂಬರು ಕೆತ್ತಲಿ?"

"ನನ್ನ ನಂಬರೇ ಕೆತ್ರಿ."

"ನೀನೇನು ನಾಯೇನೇ?"

ಆಫೀಸು ನಕ್ಕಿತು. ಅವಳು ಸೆರಗು ಬಿಗಿಮಾಡಿಕೊಂಡು ಹೊರಬಂದಳು.

ಔಷಧಿ ಹಾಕುವ ದಿನ ಬೆಳಿಗ್ಗೆ, ಭೋಂಗಕ್ಕೆ ಇನ್ನೂ ಹೊತ್ತಿರುವಾಗಲೇ, ಅವಳು ತನ್ನ ಕೊರಳಿನ ದಾರದಿಂದ ಹಿತ್ತಾಳೆ ಬಿಲ್ಲೆ ಬಿಚ್ಚಿ ಕೆಂಪಿಯ ಕೊರಳಿಗೆ ಕಟ್ಟಿದಳು. ಬಿಲ್ಲೆ ಅಂದರೆ ಬಿಲ್ಲೆ. ಹಿತ್ತಾಳೆ ಐತೆ, ನಂಬರೈತೆ. ಔಷಧಿ ಹಾಕೋರೇನು ಓದಿದವರೇ? ಗೇಟಿನ ಏಕಾಂತಪ್ಪನೋ, ಗಂಡ ಇದ್ದಾಗಿನಿಂದ ಗೊತ್ತಿದ್ದವನು. ದಿನಾ ಮುಖ ನೋಡುವವನಿಗೆ ಒಂದು ದಿನ ಮುಖವೇ ಸಾಲದೇ?

ಸಾಲಲಿಲ್ಲ.

"ಬಿಲ್ಲೆ ಎಲ್ಲವ್ವ?"

"ಮರೆತು ಬಂದೀನಿ ಏಕಾಂತಪ್ಪಾರೆ. ನನ್ನ ಗುರ್ತಿಲ್ವೇನ್ರಿ?"

"ಗುರ್ತೈತೆ ತಾಯಿ. ಆದ್ರ ಗೇಟಿಗೆ ಗುರ್ತಿಲ್ಲವಲ್ಲ! ಬಿಲ್ಲೆ ಇಲ್ದೆ ಬಿಟ್ರೆ ನಾಳೆ ನಾನೇ ಆಚೆ. ಹೋಗು, ಓಡು. ಎರಡನೇ ಭೋಂಗ ಕೂಗೋದ್ರೊಳಗೆ ತಂದ್ರೆ ಸೇರಿಸ್ಕಂತೀನಿ. ಇವತ್ತೂ ತಪ್ಪಿದ್ರೆ ನಿನ್ನ ಹೆಸರು ಹೊಡೆದಾಕ್ತಾರೆ, ಮೊನ್ನೆ ಕೂಸಿಗೆ ಜ್ವರ ಅಂತ ಬರಲಿಲ್ಲ ನೀನು."

ಅವಳು ಓಡಿದಳು. ಬಿಲ್ಲೆ ಬಿಚ್ಚಿದರೆ ಕೆಂಪಿ ಹೋಗುತ್ತದೆ. ಬಿಚ್ಚದಿದ್ದರೆ ಗಂಜಿ ಹೋಗುತ್ತದೆ. ಯಾವುದು? ಯಾವುದು? ಅಷ್ಟರಲ್ಲಿ ಲೈನಿನ ಬಾಯಿ ಬಂತು. ಗುಡಿಸಲ ಮುಂದೆ ಗಿರಿಯಮ್ಮ ಬಾಯಿ ಬಡಿದುಕೊಳ್ಳುತ್ತಿದ್ದಳು. ಎದುರಿಗೆ ಗುತ್ತೆಪ್ಪ, ಅವಳಂತೆಯೇ ಬದಲಿ ಆಳು, ಕೈಯಲ್ಲಿ ಔಷಧಿ ಕಲಸಿದ ಬೆಲ್ಲದುಂಡೆಯ ಡಬ್ಬಿ ಹಿಡಿದು ನಿಂತಿದ್ದ.

"ಬಿಲ್ಲೆ ಐತಲ್ಲೋ ಪಾಪಿ, ಬಿಲ್ಲೆ ಐತಲ್ಲೋ ಅಂತ ಬಡ್ಕಂಡೆ ಕಣೇ ಕೊಟ್ರೀ!" ಅಂದಳು ಮುದುಕಿ.

ಕೆಂಪಿ ಹೊಸ್ತಿಲಿಗೆ ಅಡ್ಡವಾಗಿಯೇ ಬಿದ್ದಿತ್ತು. ಕಾಲುಗಳು ಸೆಟೆದಿದ್ದವು. ರೇವಣ್ಣ ಒಳಗಿನಿಂದ ಅದರ ಮೇಲೆ ಹತ್ತಲು ನೋಡುತ್ತಿದ್ದ. ನೂಕುವ ಮೂತಿ ಅಲ್ಲಾಡಲಿಲ್ಲ.

"ಅಕ್ಕಾ" ಅಂದ ಗುತ್ತೆಪ್ಪ, ನೆಲ ನೋಡುತ್ತ. "ನಾಯಿದು ಚೌಕದ ಬಿಲ್ಲೆ. ಇದು ಗುಂಡಂದು, ಮನುಷ್ಯರದು. ಚೌಕದ್ದು ಇದ್ರೆ ಬಿಡು ಅಂದಾರೆ, ಗುಂಡಂದು ಇದ್ರೆ ಬಿಡು ಅಂದಿಲ್ಲ. ಮೇಸ್ತ್ರಿ ಅಲ್ಲೇ ನಿಂತಿದ್ದ. ವಾರದಿಂದ ನನಗೆ ಪಾಳಿನೇ ಸಿಕ್ಕಿರಲಿಲ್ಲ ಅಕ್ಕಾ, ಇವತ್ತು ಕರೆದದ್ದೇ ಇದಕ್ಕೆ. ಉಳಿದ ನಾಯಿಗಳೆಲ್ಲ ಓಡಿದ್ವು. ಇದು… ಇದು ನನ್ನ ಕೈ ನೆಕ್ಕಿ ತಿಂತು."

ಬಟ್ಟಲಿಗೆ ಕೈ ಹಾಕಿ ನೋಡಿ, ಅಳೆದು, ಆರಿಸಿ ತಂದವಳು ಅವಳೇ. ಯಾರ ಕೈಯಿಂದಾದರೂ ತಿನ್ನುವ ನಾಯಿ.

ಬೈಗುಳ ಬಾಯಿಗೆ ಬಂತು. ಗುತ್ತೆಪ್ಪನ ಕೈಯೂ ಬದಲಿಯ ಕೈಯೇ, ಆ ಕೈಗೆ ಬೈಯಲು ಅವಳಿಗಾಗಲಿಲ್ಲ. ಬೈಸಿಕೊಳ್ಳಬೇಕಾದವರು ಲೈನಿಗೆ ಬರುವವರಲ್ಲ. ಉಚ್ಚೆಂಗಿ ಮೂಲೆಯಲ್ಲಿ ಮೇಕೆಮರಿಯನ್ನು ಅವಚಿಕೊಂಡು ಕೂತಿದ್ದಳು, ಅಳದೆ.

ಕೊಟ್ರವ್ವ ಮಂಡಿಯೂರಿ ಕೆಂಪಿಯ ಕೊರಳ ದಾರ ಬಿಚ್ಚಿದಳು. ಗಂಟು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಹರಕು ಸೀರೆಯಿಂದ ಹೊಸದೊಂದು ಅಂಚು ಸೀಳಿ, ಮಗನ ಮಾಯ್ದ ಹರಡಿಗೆ ಸುತ್ತಿ, ಒರಳುಕಲ್ಲಿಗೆ ಕಟ್ಟಿದಳು. ಈ ಸಲ ಎರಡು ಗಂಟು. ಆಮೇಲೆ ಓಡಿದಳು.

ಎರಡನೇ ಭೋಂಗ ಕೂಗುತ್ತಿದ್ದಾಗ ಗೇಟಿನಲ್ಲಿ ಬಿಲ್ಲೆ ಚಾಚಿದಳು. ಏಕಾಂತಪ್ಪ ಅದನ್ನು ಬೆಳಕಿಗೆ ಹಿಡಿದ. ಅಂಚಿನಲ್ಲಿ ಸಿಕ್ಕಿದ್ದ ಕೆಂದು ಕೂದಲನ್ನು ಉಫ್ ಎಂದು ಊದಿದ.

"ಎಲ್ಲಿಟ್ಟಿದ್ದೆವ್ವ ಇದನ್ನ?"

"ನಾಯಿ ಕೊರಳಾಗೆ."

"ನೀನೊಬ್ಬಾಕಿ, ಹೊತ್ತಿಲ್ಲ ಗೊತ್ತಿಲ್ಲ, ನಗಚಾಟ್ಲೆ ನಿಂದು" ಎಂದು ನಕ್ಕು, ನಂಬರು ಕೂಗಿ, ಒಳಗೆ ಬಿಟ್ಟ.